ಹೆರಿಗೆ ರಜೆಯ ನಂತರದ ಅಪ್ರೈಸಲ್

ಪ್ರಶ್ನೆ: ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಐದು ತಿಂಗಳಾಯಿತು. ಮೆಟ್ರೋದಲ್ಲಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು. ಮಗುವನ್ನು ಅತ್ತೆಯವರು ನೋಡಿಕೊಳ್ಳುತ್ತಾರೆ. ಸಂಜೆ ಆರಕ್ಕೇ ಹೊರಡುತ್ತೇನೆಂದು ಮ್ಯಾನೇಜರ್‌ಗೆ ಅಸಮಾಧಾನ. ಈ ಸಲ ‘ತೊಡಗಿಸಿಕೊಳ್ಳುವಿಕೆ ಸಾಲದು’ ಎಂದು ಬರೆದು ರೇಟಿಂಗ್ ಇಳಿಸಿದ್ದಾರೆ. ಈಗ ಮೀಟಿಂಗ್‌ನಲ್ಲಿ ಬಾಯಿ ಬಿಡಲೂ ಹೆದರಿಕೆ. ಕೆಲಸ ಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಕೆಲಸದಲ್ಲಿ ಇಂಥ ತಪ್ಪಾಯಿತು, ಇಂಥದ್ದು ತಡವಾಯಿತು ಎಂಬ ಒಂದು ಸಾಲೂ ಅದರಲ್ಲಿಲ್ಲ. ಎಷ್ಟು ಹೊತ್ತು ಕುರ್ಚಿಯಲ್ಲಿ ಕಂಡಿರಿ ಎಂಬುದನ್ನೇ ಕೆಲಸದ ಅಳತೆಯೆಂದು ಎಣಿಸುವ ಕಡೆ ಇಂಥ ಷರಾ ಬೀಳುತ್ತದೆ. ಅದನ್ನು ನಿಮ್ಮ ಸಾಮರ್ಥ್ಯದ ಮೇಲಿನ ತೀರ್ಪೆಂದು ನೀವು ಒಪ್ಪಿಕೊಂಡುಬಿಟ್ಟಿರುವುದೇ ನನ್ನನ್ನು ಹೆಚ್ಚು ನೋಯಿಸಿತು.

ಧೈರ್ಯ ಬರಲಿ, ಆಮೇಲೆ ಮಾತನಾಡುತ್ತೇನೆ ಎಂದು ಕಾಯಬೇಡಿ. ಈ ಐದು ತಿಂಗಳಲ್ಲಿ ಯಾವ ರಿಲೀಸ್‌ಗಳನ್ನು ಪರೀಕ್ಷಿಸಿದಿರಿ, ಗ್ರಾಹಕರ ಕೈಗೆ ಹೋಗುವ ಮುನ್ನ ಯಾವ ದೊಡ್ಡ ಬಗ್‌ಗಳನ್ನು ಹಿಡಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಮುಂದಿಟ್ಟು, ಮುಂದಿನ ಮೂರು ತಿಂಗಳಲ್ಲಿ ನಿಮ್ಮಿಂದ ಏನೇನು ಆಗಬೇಕೆಂದು ಇಮೇಲ್‌ನಲ್ಲಿ ತಿಳಿಸುವಂತೆ ಮ್ಯಾನೇಜರನ್ನು ಕೇಳಿ. ಬರಹದಲ್ಲಿ ಗುರಿಯಿದ್ದರೆ ಮುಂದಿನ ಸಲ ಅದರ ಮೇಲೆಯೇ ಚರ್ಚೆಯಾಗಬೇಕಾಗುತ್ತದೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಎಂದರೆ 26 ವಾರಗಳ ರಜೆಯಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೆಲಸದ ಸ್ವರೂಪ ಅವಕಾಶ ಕೊಡುವುದಾದರೆ, ರಜೆ ಮುಗಿದ ಮೇಲೆ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಬಹುದೆಂಬ ಅಂಶವೂ ಅದರಲ್ಲಿತ್ತು. ಟೆಸ್ಟಿಂಗ್ ಅಂಥ ಕೆಲಸವೇ. ವಾರಕ್ಕೆ ಎರಡು ದಿನ ದೊರೆತರೂ ಆರು ಗಂಟೆ ಉಳಿಯಿತು. ಐವತ್ತಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂಬ ನಿಯಮವೂ ಬಂತು. ಆದರೆ ಹಸುಗೂಸನ್ನು ದಟ್ಟಣೆಯ ಮೆಟ್ರೋದಲ್ಲಿ ಅಷ್ಟು ದೂರ ಒಯ್ಯಿರೆಂದು ಹೇಳಲು ನನಗೆ ಮನಸ್ಸಿಲ್ಲ.

ಪತ್ರದಲ್ಲಿ ಅತ್ತೆಯವರಿದ್ದಾರೆ, ಮ್ಯಾನೇಜರ್ ಇದ್ದಾರೆ, ಪತಿಯ ಪ್ರಸ್ತಾಪವೇ ಇಲ್ಲ. ವಾರದಲ್ಲಿ ಕೆಲವು ಸಂಜೆಗಳಾದರೂ ಮಗುವಿನ ಹೊಣೆ ಅವರದಾಗಲಿ.

ನಿದ್ದೆ ಬಾರದಿರುವುದು, ಅಳು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿದ್ದರೆ ವೈದ್ಯರನ್ನು ಕಾಣಿ. ಹೆರಿಗೆಯ ನಂತರದ ಖಿನ್ನತೆ ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರಾಜೀನಾಮೆಯ ಯೋಚನೆಯನ್ನು ಆ ಇಮೇಲ್‌ಗೆ ಉತ್ತರ ಬಂದು ಮೂರು ತಿಂಗಳು ಕಳೆಯುವವರೆಗೆ ಬದಿಗಿಡಿ.