"ಸರ್ ನನಗೆ ಒಂದು ಸಲಾನೂ ಬೈದಿಲ್ಲ": ಹೊಗಳಿಕೆಯಂತಿದ್ದ ಒಂದು ದೂರು

ಆಪ್ತಸಲಹೆಗೆ ಅಂತ ಕಂಪನಿಗಳು ನನ್ನ ಹತ್ತಿರ ಕಳಿಸುವ ಮೇಲಧಿಕಾರಿಗಳಲ್ಲಿ ಒಂದು ಥರದವರು ಮತ್ತೆ ಮತ್ತೆ ಬರುತ್ತಾರೆ. ಕೂಗಾಡುವವರಲ್ಲ, ಕಿರುಕುಳ ಕೊಡುವವರೂ ಅಲ್ಲ. ತುಂಬಾ ಒಳ್ಳೆಯವರು. ಆ ಒಳ್ಳೆಯತನದ ಮೇಲೇ ದೂರು ಬಂದಿರುತ್ತದೆ. ಪಾಪ, ಅವರಿಗೆ ತಾವೇನು ತಪ್ಪು ಮಾಡಿದೆವು ಅನ್ನುವುದೇ ಗೊತ್ತಾಗುವುದಿಲ್ಲ. (ನಾನೂ 'ಪಾಪ' ಅಂದುಬಿಟ್ಟೆ ನೋಡಿ. ಆ ಪದದ ವಿಚಾರಕ್ಕೆ ಆಮೇಲೆ ಬರುತ್ತೇನೆ.)

ಇಂಥದ್ದೇ ಒಂದು ಪ್ರಕರಣ ಇದು. ಹೆಸರು, ವಯಸ್ಸು, ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಮಂಜುನಾಥ್ ಅಂತ ಇಟ್ಟುಕೊಳ್ಳೋಣ, ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರ್. ಹೆಲ್ಪರ್ ಆಗಿ ಸೇರಿ ಮೇಲೆ ಬಂದವರು. ರೇಖಾ ಅದೇ ಫ್ಲೋರಿನಲ್ಲಿ ಎಂಟು ವರ್ಷದಿಂದ ಚೆಕಿಂಗ್ ಟೇಬಲ್ಲಿನಲ್ಲಿದ್ದಾರೆ, ಹೊಲಿದ ಬಟ್ಟೆಯಲ್ಲಿ ತಪ್ಪಿದೆಯಾ ಅಂತ ನೋಡುವ ಕೆಲಸ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ. ಅವರ ನಂತರ ಸೇರಿದವರು ಇಬ್ಬರು ಸೂಪರ್‌ವೈಸರ್ ಆಗಿದ್ದಾರೆ. ರೇಖಾ ಎಚ್‌ಆರ್‌ಗೆ ಒಂದು ಚೀಟಿ ಬರೆದು ಕೊಟ್ಟರು. ಅದರ ಮೊದಲ ಸಾಲು ಈ ಬರಹದ ಶೀರ್ಷಿಕೆಯಲ್ಲಿದೆ. ಎಚ್‌ಆರ್‌ನವರು ಅದನ್ನು ಹೊಗಳಿಕೆ ಅಂದುಕೊಂಡು ಫೈಲಿಗೆ ಸೇರಿಸಿದರಂತೆ. ಎರಡನೇ ಸಾಲು ಓದಿದ್ದು ಎರಡು ವಾರ ಬಿಟ್ಟು: "ನನ್ನ ತಪ್ಪು ಯಾರೂ ಹೇಳಲ್ಲ. ನಾನು ಹೇಗೆ ಕಲಿಯೋದು?"

ಚೀಟಿಯ ಕನ್ನಡದಲ್ಲಿ ಅಲ್ಲಲ್ಲಿ ಪ್ರತ್ಯಯಗಳು ಬಿಟ್ಟುಹೋಗಿದ್ದವು. ನಾನಿಲ್ಲಿ ಸ್ವಲ್ಪ ಸರಿಮಾಡಿ ಕೊಟ್ಟಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಬರಹ ನೋಡಿಯೇ ಎಷ್ಟೋ ಜನ 'ಇವರಿಗೆ ತಲೆ ಅಷ್ಟಕ್ಕಷ್ಟೇ' ಅಂತ ತೀರ್ಮಾನ ಮಾಡಿಬಿಡುತ್ತಾರೆ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ಅದು ಕನ್ನಡವನ್ನು ಕೈಯಲ್ಲಿ ಆಡುವುದಲ್ಲ. ರೇಖಾ ಅವರಿಗೆ ಕನ್ನಡ ಎರಡನೇ ಭಾಷೆ, ಅದೂ ಕಿವಿಯಿಂದ ಒಂದು ಪದವೂ ಕೇಳದೆ ಕಲಿತದ್ದು.

ಮಂಜುನಾಥ್ ಮೊದಲ ದಿನ ಬಂದಾಗ ಮುಖ ಊದಿಸಿಕೊಂಡಿದ್ದರು. "ಮೇಡಂ, ನಾನು ಆ ಹುಡುಗೀನ ಮಗಳ ಥರ ನೋಡ್ಕೊಂಡೆ. ಅದಕ್ಕೆ ಇದು ಬಹುಮಾನ." ಹುಡುಗಿ ಅಂದರೆ ಮೂವತ್ತನಾಲ್ಕು ವರ್ಷದ, ಮಗನನ್ನು ಸ್ಕೂಲಿಗೆ ಕಳಿಸಿ ಕೆಲಸಕ್ಕೆ ಬರುವ ಹೆಂಗಸು. ನಾನು ತಿದ್ದಲು ಹೋಗಲಿಲ್ಲ. ಸುಮ್ನೆ ಕೇಳಿಸಿಕೊಂಡೆ. ಅವರು 'ಪಾಪ' ಅಂದಾಗಲೆಲ್ಲ ಪ್ಯಾಡಿನ ಅಂಚಿನಲ್ಲಿ ಒಂದೊಂದು ಗೀಟು ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಹದಿನಾಲ್ಕು ಗೀಟು.

ತಾವು ಮಾಡಿದ ಉಪಕಾರಗಳನ್ನು ಒಂದೊಂದಾಗಿ ಹೇಳಿದರು. ಅವಳಿಗೆ ಯಾರೂ ಬೈಯಕೂಡದು ಅಂತ ಫ್ಲೋರಿನಲ್ಲಿ ಹೇಳಿದ್ದರು. ಅವಳು ಪಾಸ್ ಮಾಡಿದ ಪೀಸಿನಲ್ಲಿ ತಪ್ಪು ಸಿಕ್ಕರೆ ಬೇರೆಯವರ ಕೈಯಲ್ಲಿ ಗುಟ್ಟಾಗಿ ಸರಿಮಾಡಿಸುತ್ತಿದ್ದರು. ಮಷೀನುಗಳ ಗದ್ದಲದಿಂದ ದೂರ, ಮೂಲೆಯ ಸದ್ದಿಲ್ಲದ ಟೇಬಲ್ ಕೊಟ್ಟಿದ್ದರು. ಇದನ್ನು ಹೇಳಿ ಅವರೇ ಒಂದು ಕ್ಷಣ ನಿಂತರು. ಕಿವಿ ಕೇಳಿಸದವರಿಗೆ ಸದ್ದಿಲ್ಲದ ಜಾಗ! ಅವರಿಗೂ ನಗು ಬಂತು, ನನಗೂ ಬಂತು. ಆದರೆ ಆ ಮೂಲೆಯಿಂದ ಯಾರ ಮುಖವೂ ಕಾಣುವುದಿಲ್ಲ. ನೋಡಿಯೇ ಎಲ್ಲ ತಿಳಿದುಕೊಳ್ಳಬೇಕಾದವರನ್ನು ಏನೂ ಕಾಣದ ಕಡೆ ಕೂರಿಸಿದ್ದರು.

ಎರಡನೇ ಭೇಟಿ ಹಾಗೇ ಹೋಯಿತು. ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಮೂರನೇ ಸಲ ಮಾತು ಓಟಿಯ, ಅಂದರೆ ಓವರ್‌ಟೈಮ್ ಕೆಲಸದ, ಕಡೆ ತಿರುಗಿತು. "ಓಟಿಗೆ ಅವಳನ್ನ ಯಾವತ್ತೂ ನಿಲ್ಲಿಸಿಲ್ಲ ಮೇಡಂ. ಐದೂವರೆಗೆ ಮನೆಗೆ ಕಳಿಸಿಬಿಡ್ತೀನಿ, ಪಾಪ."

ಓಟಿಗೆ ಎರಡು ಪಟ್ಟು ಕೂಲಿ ಅನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಲೆಕ್ಕ ಹಾಕೋಣ ಅಂದೆ. ಮೊಬೈಲ್ ತೆಗೆದರು. ತಿಂಗಳಿಗೆ 10 ಗಂಟೆ ಓಟಿ ಅಂತ ಹಿಡಿದರೂ 20 ಗಂಟೆಯ ಕೂಲಿ. ವರ್ಷಕ್ಕೆ 240 ಗಂಟೆ. ದಿನಕ್ಕೆ ಎಂಟರಂತೆ 30 ದಿನ. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಎಂಟು ವರ್ಷಕ್ಕೆ ಎಂಟು ತಿಂಗಳು.

"ಅವಳು ಕೇಳಲೇ ಇಲ್ಲ," ಅಂದರು. ದನಿ ಸಣ್ಣಗಾಗಿತ್ತು.

"ಬೇರೆಯವರು ತಾವಾಗೇ ಬಂದು ಕೇಳ್ತಾರಾ?"

"ಇಲ್ಲ. ನಾನೇ ಕೇಳ್ತೀನಿ. ಗ್ರೂಪಲ್ಲಿ ಕೂಗಿ ಹೇಳ್ತೀನಿ."

"ರೇಖಾ ಅವರಿಗೆ ಬರೆದು ಕೇಳಿದ್ದೀರಾ? ವಾಟ್ಸಾಪಲ್ಲಿ?"

"ಕೇಳಿರಬೇಕು, ಇರಿ." ಮೊಬೈಲ್ ಕೈಯಲ್ಲೇ ಇತ್ತಲ್ಲ, ತೆರೆದರು. ಬೆರಳಿನಿಂದ ಒಂದು ಸಲ ಎಳೆದರು. ಚಾಟ್ ಮುಗಿದುಹೋಯಿತು. 'ನಾಳೆ ರಜೆ ಸರ್.' 'ಓಕೆ.' 'ಮಗ ಜ್ವರ ಸರ್.' 'ಓಕೆ.' ಯುಗಾದಿಗೊಂದು ಬೇವುಬೆಲ್ಲದ ಚಿತ್ರ. ಅಷ್ಟೇ. ಆಮೇಲೆ ನಾನು ಹೇಳದೆಯೇ ಇನ್ನೊಬ್ಬ ಚೆಕರ್ ಜೊತೆಗಿನ ಚಾಟ್ ತೆರೆದರು. ಎಳೆದರು, ಎಳೆದರು, ಮುಗಿಯಲಿಲ್ಲ. ಕಾಲರ್ ಫೋಟೋ, ಬಿಟ್ಟುಹೋದ ಹೊಲಿಗೆಯ ಫೋಟೋ, 'ಇದೇನ್ರೀ ಇದು', 'ಕಣ್ಣು ಎಲ್ಲಿಟ್ಟಿದ್ರಿ', 'ಸಂಜೆ ನಿಲ್ತೀರಾ', 'ಭೇಷ್'. ಬೈಗುಳ, ಪಾಠ, ಶಭಾಷ್‌ಗಿರಿ ಎಲ್ಲ ಅದರಲ್ಲೇ ಇದ್ದವು. ಆ ಚೆಕರ್ ಈಗ ಸೂಪರ್‌ವೈಸರ್.

ಎರಡು ಚಾಟನ್ನೂ ಹಿಂದೆ ಮುಂದೆ ಮಾಡಿ ನೋಡುತ್ತಾ ಕೂತರು. ನಾನು ಏನೂ ಹೇಳಲಿಲ್ಲ. ಹೇಳುವ ಆಸೆ ಜಾಸ್ತಿಯೇ ಇತ್ತು, ತಡೆದುಕೊಂಡೆ. ಐದು ನಿಮಿಷ ಆದಮೇಲೆ ಅವರು ಅಂದದ್ದು ಇಷ್ಟು: "ನಾನು ಇವರಿಗೆ ಕೆಲಸಾನೇ ಕಲಿಸಿಲ್ಲ ಮೇಡಂ." ರೇಖಾಗೆ ಅವರು ಬಹುವಚನ ಬಳಸಿದ್ದು ಅದೇ ಮೊದಲು.

ಇನ್ನು ಆ ಪದ. 'ಪಾಪ' ಅನ್ನುವುದು ನಮ್ಮ ಮನೆಗಳಲ್ಲಿ ಒಳ್ಳೆಯ ಪದವೇ. ಆದರೆ ಕೆಲಸದ ಜಾಗದಲ್ಲಿ ಯಾರನ್ನಾದರೂ ದಿನಾ 'ಪಾಪ' ಅಂದರೆ, ಅವರಿಂದ ಏನನ್ನೂ ನಿರೀಕ್ಷೆ ಮಾಡುವುದಿಲ್ಲ ಅಂತಲೇ ಅರ್ಥ. ಬಡ್ತಿ ಕೊಡುವಾಗ ಅವರ ಹೆಸರು ನೆನಪಿಗೇ ಬರುವುದಿಲ್ಲ. 'ಕೆಲಸ ಕೊಟ್ಟಿದ್ದೀವಲ್ಲ' ಅನ್ನುವ ಪುಣ್ಯದ ಲೆಕ್ಕ ಒಂದು ಕಡೆ ಬೆಳೆಯುತ್ತಾ ಇರುತ್ತದೆ. ಆ ಕಾರ್ಖಾನೆಯಲ್ಲಿ ಪ್ರತಿ ಡಿಸೆಂಬರ್ 3ಕ್ಕೆ, ವಿಶ್ವ ವಿಕಲಚೇತನರ ದಿನ, ರೇಖಾ ಮತ್ತು ಇನ್ನೈದು ಜನರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ರೇಖಾ ಮನೆಯಲ್ಲಿ ಎಂಟು ಶಾಲುಗಳಿವೆ.

ಕಾನೂನಿನ ಮಾತೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು. ಯಾವ ಹುದ್ದೆಗೆ ಯಾರನ್ನು ಹೇಗೆ ಆರಿಸುತ್ತೇವೆ, ಬಡ್ತಿಗೆ ಮುಂಚೆ ಏನು ತರಬೇತಿ ಕೊಡುತ್ತೇವೆ ಅನ್ನುವುದೂ ಅದರಲ್ಲಿರಬೇಕು. ಇವರ ಕಾರ್ಖಾನೆಯ ನೀತಿ ಎಲ್ಲಿ ಅಂತ ಕೇಳಿದೆ. ಎಚ್‌ಆರ್ ಹುಡುಕಿ ಕಳಿಸಿದರು. ಇಂಗ್ಲಿಷಿನಲ್ಲಿ ಎಂಟು ಪುಟ. ಬಡ್ತಿಗೆ ಮುಂಚಿನ ತರಬೇತಿಯ ಸಾಲೂ ಇತ್ತು. ಫ್ಲೋರಿನಲ್ಲಿ ಅದನ್ನು ಒಬ್ಬರೂ ನೋಡಿರಲಿಲ್ಲ.

ನಾನು ಮಂಜುನಾಥ್ ಅವರಿಗೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಕೆಲವರಿಗೆ ಹಿಡಿಸಲಿಲ್ಲ. ಕ್ಷಮೆ ಕೇಳಬೇಡಿ ಅಂದೆ. ಈಗಲೇ ಬೇಡ. ಕ್ಷಮೆ ಕೇಳಲು ಹೋದರೆ ಅದೂ ಒಂದು ಶಾಲು ಹೊದಿಸುವ ಕಾರ್ಯಕ್ರಮ ಆಗುತ್ತದೆ. ಕಣ್ಣೀರು ನಿಮ್ಮದು, ಸಮಾಧಾನ ಮಾಡುವ ಕೆಲಸ ಅವರದು. ಅದರ ಬದಲು ನಾಳೆ ಒಂದು ತಪ್ಪು ಪೀಸು ತೆಗೆದುಕೊಂಡು ಹೋಗಿ ತೋರಿಸಿ. ಬೇರೆಯವರಿಗೆ ತೋರಿಸುವ ಹಾಗೇ, ಅದೇ ಮುಖದಲ್ಲಿ. ಓಟಿ ಇದ್ದಾಗ ಬರೆದು ಕೇಳಿ. ಬೇಡ ಅನ್ನುವ ಹಕ್ಕು ಅವರದು, ಅವರ ಪರವಾಗಿ ನೀವು ಬೇಡ ಅನ್ನಬೇಡಿ. ಟೇಬಲ್ ಎಲ್ಲಿರಬೇಕು ಅಂತ ಅವರನ್ನೇ ಕೇಳಿ. ವರ್ಷದ ಮೌಲ್ಯಮಾಪನದ ದಿನ ಕಂಪನಿ ದುಡ್ಡಿನಲ್ಲಿ ಸನ್ನೆ ಭಾಷೆಯ ದುಭಾಷಿ ಕರೆಸಿ. ಪಕ್ಕದ ಟೇಬಲಿನ ಗೆಳತಿ ಅದಕ್ಕೆ ಸಾಲದು, ಸಂಬಳದ ಮಾತು ಗೆಳತಿಗೆ ಯಾಕೆ ಗೊತ್ತಾಗಬೇಕು? ನೀವೂ ಇಪ್ಪತ್ತು ಸನ್ನೆ ಕಲಿಯಿರಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟನ್ನು 2021ರಲ್ಲೇ ವಿಡಿಯೋ ರೂಪದಲ್ಲಿ ಬಿಟ್ಟಿದೆ, ದುಡ್ಡು ಕೊಡಬೇಕಾಗಿಲ್ಲ.

ಕೊನೆಗೊಂದು ಪ್ರಶ್ನೆ ಕೇಳಿದೆ. ಬೆಂಕಿಯ ಸೈರನ್ ಹೊಡೆದರೆ ಅವರಿಗೆ ಹೇಗೆ ಗೊತ್ತಾಗುತ್ತೆ? "ಪಕ್ಕದವರು ಕೈ ಹಿಡಿದು ಕರ್ಕೊಂಡ್ ಹೋಗ್ತಾರೆ." ಶೌಚಾಲಯದಲ್ಲಿದ್ದರೆ? ಉತ್ತರ ಇರಲಿಲ್ಲ. ಮಿಣುಗುವ ದೀಪದ ಅಲಾರಂ ಹಾಕಿಸಿ ಅಂತ ಎಚ್‌ಆರ್‌ಗೂ ಬರೆದೆ.

ಕಿವುಡರ ಸಂಘಟನೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. ನೊಂದವರು ಒಬ್ಬರು, ನೀನು ಕೂತು ಮಾತಾಡಿಸಿದ್ದು ಇನ್ನೊಬ್ಬರನ್ನ ಅಂತ. ಸರಿಯಾದ ಪ್ರಶ್ನೆಯೇ. ಆದರೆ ರೇಖಾಗೆ ಆಪ್ತಸಲಹೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ತಪ್ಪು ತೋರಿಸುವ ಒಬ್ಬ ಮೇಲಧಿಕಾರಿ. ಬದಲಾಗಬೇಕಾದವರನ್ನು ಕೂರಿಸಿದೆ, ಅಷ್ಟೇ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಂಜುನಾಥ್ ಮೇಲೆ ನನಗೆ ಸಿಟ್ಟು ಬರದಿರಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಕಿವಿ ಕೇಳಿಸದ ಒಬ್ಬ ಯುವಕ ಅಕ್ಕನ ಜೊತೆ ನನ್ನಲ್ಲಿಗೆ ಬಂದಿದ್ದ. ನಾನು ಇಪ್ಪತ್ತು ನಿಮಿಷ ಅಕ್ಕನನ್ನೇ ನೋಡಿಕೊಂಡು 'ಇವರಿಗೆ ನಿದ್ದೆ ಬರುತ್ತಾ, ಇವರು ಊಟ ಮಾಡ್ತಾರಾ' ಅಂತ ಕೇಳಿದ್ದೆ. ಅವನು ಟೇಬಲ್ ತಟ್ಟಿ ತನ್ನ ಎದೆ ತೋರಿಸಿದ. ನಾನಿಲ್ಲಿದ್ದೀನಿ ಅಂತ. ಅವನು ಎರಡನೇ ಸಲ ಬರಲಿಲ್ಲ.

ರೇಖಾ ಅವರನ್ನು ನಾನು ಭೇಟಿಯಾದದ್ದು ಒಂದೇ ಸಲ, ದುಭಾಷಿಯ ಜೊತೆ. ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರು ಇರುತ್ತದೆ. ಮಂಜುನಾಥ್ ಅವರದ್ದು ಏನು ಅಂತ ಕೇಳಿದೆ. ದುಭಾಷಿ ಸ್ವಲ್ಪ ಹಿಂದೆಮುಂದೆ ನೋಡಿದರು. ರೇಖಾ ನಕ್ಕು ತೋರಿಸಿದರು: ಮಗುವಿನ ತಲೆ ಸವರುವ ಹಾಗೆ ಕೈ ಆಡಿಸುವುದು. ನಾನು ಅದನ್ನು ಮಂಜುನಾಥ್ ಅವರಿಗೆ ಹೇಳಲಿಲ್ಲ. ನಾಲ್ಕು ತಿಂಗಳಾದಮೇಲೆ, ಒಂದಿಷ್ಟು ಸನ್ನೆ ಬಂದಮೇಲೆ, ಅವರೇ ರೇಖಾರನ್ನು ಕೇಳಿ ತಿಳಿದುಕೊಂಡರು. ಎರಡು ದಿನ ಊಟ ಸೇರಲಿಲ್ಲ ಮೇಡಂ ಅಂದರು.

ಅವರು ರೇಖಾಗೆ ತೋರಿಸಿದ ಮೊದಲ ತಪ್ಪು ಪೀಸಿನ ಕಥೆ ಇನ್ನೂ ಚೆನ್ನಾಗಿದೆ. ಫೋಟೋ ತೆಗೆದು ಕೆಂಪು ಗೆರೆ ಹಾಕಿ ಕಳಿಸಿದರು. ಎರಡೇ ನಿಮಿಷಕ್ಕೆ ಉತ್ತರ ಬಂತು: 'ನನ್ನ ಟೇಬಲ್ ಅಲ್ಲ. ಸ್ಟಿಕರ್ ನೋಡಿ ಸರ್.' ನೋಡಿದರೆ ಅವರು ಹೇಳಿದ್ದೇ ಸರಿ. ಆ ಚಾಟ್ ಈಗ ಒಂದು ಸಲ ಎಳೆದರೆ ಮುಗಿಯುವುದಿಲ್ಲ. ಓಟಿ ವಿಚಾರಕ್ಕೆ ಒಂದು ಜಗಳವೂ ಆಗಿದೆ.

ರೇಖಾ ಇನ್ನೂ ಸೂಪರ್‌ವೈಸರ್ ಆಗಿಲ್ಲ. ಒಂದು ಲೈನಿನಲ್ಲಿ ತರಬೇತಿ ನಡೆಯುತ್ತಿದೆ. ಫ್ಲೋರಿನಲ್ಲಿ ದೀಪದ ಅಲಾರಂ ಬಂದಿದೆ. ಶೌಚಾಲಯದಲ್ಲಿ ಬಂದಿಲ್ಲ. ಮುಂದಿನ ಬಜೆಟ್ಟಿನಲ್ಲಿ ನೋಡೋಣ ಅಂದಿದ್ದಾರೆ. ನಾನು ಪ್ರತಿ ತಿಂಗಳು ಒಂದು ಮೆಸೇಜ್ ಹಾಕುತ್ತಿದ್ದೇನೆ.