ಹಳೇ ಅಂಬಾಸಿಡರ್‌ಗೆ ಹೊಸ ಫ್ಯೂಸ್ ಬಾಕ್ಸ್: 35ರ ಜಾಗಕ್ಕೆ 35 ಹಾಕಬಹುದೇ?

ಪ್ರಶ್ನೆ: ಸರ್, ಅಜ್ಜನ ಕಾಲದ ಮಾರ್ಕ್ 2 ಅಂಬಾಸಿಡರ್ ಇನ್ನೂ ಓಡಿಸುತ್ತಿದ್ದೇವೆ. ಅದರಲ್ಲಿರುವುದು ಎರಡೇ ಗಾಜಿನ ಫ್ಯೂಸ್, ಎರಡರ ಮೇಲೂ 35 ಎಂದಿದೆ. ಹೋದ ಮಳೆಗಾಲದಲ್ಲಿ ಒಂದು ಫ್ಯೂಸ್ ಹೋಗಿ ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲಾ ಒಟ್ಟಿಗೇ ನಿಂತವು. ಈಗ ಹತ್ತು ಬ್ಲೇಡ್ ಫ್ಯೂಸಿನ (ಎರಡು ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸ್) ಬಾಕ್ಸ್ ತಂದಿಟ್ಟಿದ್ದೇನೆ. 35ರ ಬ್ಲೇಡ್ ಫ್ಯೂಸ್ ಹಾಕಿದರೆ ಸಾಕಾ?
– ಓದುಗರು, ಸಾಗರ

ಉತ್ತರ: ಬಾಕ್ಸ್ ಖಂಡಿತ ಬದಲಾಯಿಸಿ. ಆದರೆ 35ರ ಬ್ಲೇಡ್ ಫ್ಯೂಸ್ ಮಾತ್ರ ಬೇಡವೇ ಬೇಡ. ಆ ಲೂಕಾಸ್ (ಇಂಗ್ಲೆಂಡಿನ ವಾಹನ ವಿದ್ಯುತ್ ಸಾಮಾನಿನ ಕಂಪನಿ) ಮಾದರಿಯ ಗಾಜಿನ ಫ್ಯೂಸಿನ ಮೇಲೆ ಬರೆದಿರುವ 35, ಅದು ಸುಟ್ಟುಹೋಗುವ ಆಂಪಿಯರ್. ಒಂದೇ ಸಮ ಅದು ಹೊರುವುದು ಸುಮಾರು 17 ಆಂಪಿಯರ್ ಅಷ್ಟೇ. ಬ್ಲೇಡ್ ಫ್ಯೂಸಿನ ಲೆಕ್ಕ ಬೇರೆ. ಅದರ ಮೇಲೆ 15 ಎಂದಿದ್ದರೆ 15 ಹೊರುತ್ತದೆ, ಸುಡಬೇಕಾದರೆ ಅದಕ್ಕಿಂತ ಜಾಸ್ತಿ ಬೇಕು. ನೀವು ಸಂಖ್ಯೆ ನೋಡಿ 35ರ ಜಾಗಕ್ಕೆ 35 ಹಾಕಿದರೆ ಫ್ಯೂಸ್ ಗಟ್ಟಿಯಾಗಿ ಕೂತಿರುತ್ತದೆ, ವೈರ್ ಕರಗುತ್ತದೆ. ಫ್ಯೂಸ್ ಇರುವುದೇ ವೈರನ್ನು ಉಳಿಸಲಿಕ್ಕೆ ಅಲ್ವಾ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅಪ್ಪನ ಅಂಬಾಸಿಡರಿನ ಫ್ಯೂಸ್ ದಾರಿಯಲ್ಲಿ ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಹಾಕಿದ್ದೆವು, ಊರು ಮುಟ್ಟಿದ ಮೇಲೆ ಬದಲಾಯಿಸೋಣ ಎಂದುಕೊಂಡು, ಆಮೇಲೆ ಎಲ್ಲರೂ ಮರೆತೆವು. ಕೆಲವು ತಿಂಗಳ ನಂತರ ಒಂದು ಸಂಜೆ ಕಾರಿನೊಳಗೆ ಕಮಟು ವಾಸನೆ. ಬ್ಯಾಟರಿ ವೈರ್ ಕಿತ್ತು ನೋಡಿದರೆ ಹಸಿರು ವೈರಿನ ಮೈ ಮೇಣದ ಹಾಗೆ ಇಳಿದು ಪಕ್ಕದ ಎರಡು ವೈರಿಗೆ ಅಂಟಿಕೊಂಡಿತ್ತು. ಬೆಳ್ಳಿ ಹಾಳೆಗೆ ಏನೂ ಆಗಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ನೀವು ತಂದ ಬಾಕ್ಸನ್ನು ಮೊದಲು ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಕ್ಸುಗಳಲ್ಲಿ ಹತ್ತೂ ಫ್ಯೂಸಿಗೆ ಒಂದೇ ಲೋಹದ ಪಟ್ಟಿಯಿಂದ ಕರೆಂಟ್ ಬರುತ್ತದೆ. ನಿಮ್ಮ ಕಾರಿಗೆ ಎರಡು ಪಟ್ಟಿ ಬೇಕು. ಹಾರ್ನ್, ಒಳಗಿನ ಲೈಟ್ ಇವಕ್ಕೆ ಯಾವಾಗಲೂ ಕರೆಂಟ್ ಇರಬೇಕು. ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ಪೆಟ್ರೋಲ್ ಮುಳ್ಳು ಇವಕ್ಕೆ ಕೀ ತಿರುಗಿಸಿದ ಮೇಲೆ ಬರಬೇಕು. ಎಲ್ಲಾ ಒಂದೇ ಪಟ್ಟಿಗೆ ಕೊಟ್ಟರೆ ಕಾರು ನಿಲ್ಲಿಸಿದ ಮೇಲೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ನಿಮ್ಮ ಬಾಕ್ಸಿನಲ್ಲಿ ಒಂದೇ ಪಟ್ಟಿ ಇದ್ದರೆ ಇನ್ನೊಂದು ಚಿಕ್ಕ ಬಾಕ್ಸ್ ತನ್ನಿ.

ವೈರಿನ ಬಣ್ಣ ಇನ್ನೂ ಉಳಿದಿದ್ದರೆ ನಿಮ್ಮ ಪುಣ್ಯ. ಲೂಕಾಸ್ ಪದ್ಧತಿಯಲ್ಲಿ ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಕೀಯಿಂದ ಬರುವುದು, ಹಸಿರು ಆ ಬಿಳಿ ವೈರಿನ ಕರೆಂಟ್ ಫ್ಯೂಸ್ ದಾಟಿದ ಮೇಲಿನದು, ಕಪ್ಪು ಅರ್ತ್. ಆದರೆ ಇಷ್ಟು ವರ್ಷದಲ್ಲಿ ಯಾರ್ಯಾರೋ ಕೈ ಹಾಕಿರುತ್ತಾರೆ, ಅದಕ್ಕೆ ಬಣ್ಣ ನಂಬಿ ಕತ್ತರಿಸಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಿ ಚೀಟಿ ಅಂಟಿಸಿ. ಆಮೇಲೆ ಬ್ಯಾಟರಿಯ ಅರ್ತ್ ವೈರ್ ಬಿಚ್ಚಿ ಕೆಲಸ ಶುರು ಮಾಡಿ.

ಒಂದೇ ಫ್ಯೂಸಿನ ಮೇಲಿದ್ದ ಹಸಿರು ವೈರುಗಳನ್ನು ಬೇರೆ ಬೇರೆ ಮಾಡುವುದೇ ಇಲ್ಲಿ ಮುಖ್ಯ ಕೆಲಸ. ವೈಪರಿಗೆ ಒಂದು, ಬ್ರೇಕ್ ಲೈಟಿಗೆ ಒಂದು, ಇಂಡಿಕೇಟರಿಗೆ ಒಂದು. ಲೆಕ್ಕ ಸುಲಭ: ವ್ಯಾಟನ್ನು 12ರಿಂದ ಭಾಗಿಸಿ. 21 ವ್ಯಾಟಿನ ಎರಡು ಬ್ರೇಕ್ ಬಲ್ಬ್ ಅಂದರೆ 42, ಅಂದರೆ ಮೂರೂವರೆ ಆಂಪಿಯರ್. ಅದಕ್ಕೆ 5ರ ಫ್ಯೂಸ್ ಸಾಕು, 7.5 ಧಾರಾಳ. ಲೆಕ್ಕಕ್ಕೆ ಬಂದಿದ್ದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಆದರೆ ವೈರ್ ತಡೆಯುವುದಕ್ಕಿಂತ ಜಾಸ್ತಿ ಎಂದೂ ಬೇಡ.

ಇನ್ನು ಹೆಡ್‌ಲೈಟ್. ಆ ಕಾಲದ ಇಂಗ್ಲಿಷ್ ಮಾದರಿಯ ವೈರಿಂಗಿನಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುವುದಿಲ್ಲ! ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹಾದುಹೋಗುತ್ತದೆ. 60 ವ್ಯಾಟಿನ ಎರಡು ಬಲ್ಬ್ ಅಂದರೆ 10 ಆಂಪಿಯರ್, ಹಳೇ ಸ್ವಿಚ್ ಬಿಸಿಯಾಗದೆ ಇನ್ನೇನು? ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ, ಬ್ಯಾಟರಿ ಕಡೆಯಿಂದ ಫ್ಯೂಸ್ ದಾಟಿ ರಿಲೇಯ ಮೇಲೆ 30 ಎಂದು ಬರೆದಿರುವ ಕಾಲಿಗೆ ಬರಲಿ, 87ರಿಂದ ಲೈಟಿಗೆ ಹೋಗಲಿ, ಹಳೇ ವೈರ್ 85–86ರ ಮೂಲಕ ರಿಲೇಯನ್ನು ಆನ್ ಮಾಡುವ ಕೆಲಸವನ್ನಷ್ಟೇ ಮಾಡಲಿ. 87 ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಬೇರೆ ಬೇರೆ 10ರ ಫ್ಯೂಸ್ ಕೊಡಿ. ಘಾಟಿಯಲ್ಲಿ ಒಂದು ಹೋದರೂ ಇನ್ನೊಂದು ದಾರಿ ತೋರಿಸುತ್ತದೆ.

ಇಂಜಿನ್ನಿನ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ಲಿಗೆ ಹೋಗುವ ಬಿಳಿ ವೈರಿಗೆ ಮಾತ್ರ ನಾನು ಫ್ಯೂಸ್ ಹಾಕುವುದಿಲ್ಲ, ನಡುರಸ್ತೆಯಲ್ಲಿ ಇಂಜಿನ್ ನಿಲ್ಲುವುದು ಬೇಡ ಅಂತ. ಆ ವೈರ್ ಹಳೆಯದಾಗಿದ್ದರೆ ಹೊಸದು ಎಳೆಯಿರಿ. ಬಾಕ್ಸನ್ನು ಡ್ಯಾಶ್‌ಬೋರ್ಡ್ ಕೆಳಗೆ, ನೀರು ತಾಗದ ಕಡೆ ಕೂರಿಸಿ. ನಿಮ್ಮ ಕಡೆ ಇಲಿ ಕಾಟವೂ ಇರುತ್ತದೆ, ವೈರಿಗೆ ಕೊಳವೆ ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ನನ್ನದು ಪದ್ಮಿನಿ. ಎರಡೂ ತುದಿ ಚೂಪಾದ ಫ್ಯೂಸುಗಳು. ಫ್ಯೂಸ್ ಸರಿಯಿದ್ದರೂ ಕೆಲವೊಮ್ಮೆ ಲೈಟ್ ಬರುವುದಿಲ್ಲ, ಬಾಕ್ಸ್ ತಟ್ಟಿದರೆ ಬರುತ್ತದೆ. ಬಾಕ್ಸ್ ಬದಲಾಯಿಸಬೇಕೇ?
– ಓದುಗರು, ಧಾರವಾಡ

ಉತ್ತರ: ಆತುರ ಬೇಡ. ಆ ಚೂಪು ತುದಿ ಹಿತ್ತಾಳೆ ಪಟ್ಟಿಯ ತೂತಿನಲ್ಲಿ ಸುಮ್ನೆ ಒತ್ತಿಕೊಂಡು ಕೂತಿರುತ್ತದೆ. ಪಟ್ಟಿ ಸಡಿಲವಾದರೆ, ಕಿಲುಬು ಹಿಡಿದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಯನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿ, ಹೊಸ ಫ್ಯೂಸ್ ಹಾಕಿ. ಬಿಳಿ ಬಣ್ಣದ್ದು 8 ಆಂಪಿಯರ್, ಕೆಂಪು 16, ಅದಲು ಬದಲು ಮಾಡಬೇಡಿ. ಬಾಕ್ಸಿನ ಪ್ಲಾಸ್ಟಿಕ್ ಕಂದಿ ಸೊಟ್ಟಗಾಗಿದ್ದರೆ ಮಾತ್ರ ಬ್ಲೇಡಿಗೆ ಹೋಗಿ.

ಪ್ರಶ್ನೆ: ಫ್ಯೂಸ್ ಹಾಕಿದ ತಕ್ಷಣ ಸುಡುತ್ತದೆ. ಎಲ್ಲಿ ಶಾರ್ಟ್ ಆಗಿದೆ ಎಂದು ಹುಡುಕುವುದು ಹೇಗೆ?
– ಓದುಗರು, ಮಂಡ್ಯ

ಉತ್ತರ: ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬಲ್ಬ್ ಕೊಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ದಂಡವಾಗುವುದಿಲ್ಲ. ಈಗ ಆ ಫ್ಯೂಸಿನ ಮೇಲಿರುವ ಒಂದೊಂದೇ ವೈರ್ ಬಿಚ್ಚುತ್ತಾ ಬನ್ನಿ, ಯಾವುದು ಬಿಚ್ಚಿದಾಗ ಬಲ್ಬ್ ಮಂಕಾಗುತ್ತದೋ ಕಳ್ಳ ಅದರಲ್ಲೇ ಇದ್ದಾನೆ. ವೈರ್ ತಗಡಿನ ತೂತು ದಾಟುವ ಕಡೆಯ ರಬ್ಬರ್ ಬುಶ್ಶನ್ನೂ ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರದ ವೈರನ್ನೂ ಮೊದಲು ನೋಡಿ.