ಓದುಗರ ಪ್ರಶ್ನೆ: ಕ್ಲಾಸ್ಟ್ರಿಡಿಯಂ ಶಕ್ತಿ ಉಳಿಸುವುದು ಎಲ್ಲಿ?

ಪ್ರಶ್ನೆ: ಗ್ಲೂಕೋಸನ್ನು ಬ್ಯುಟಿರೇಟ್ (ಒಂದು ಸಾವಯವ ಆಮ್ಲ) ಮಾಡುವ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂಗೆ ಪ್ರತಿ ಗ್ಲೂಕೋಸಿನಿಂದ 3 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಸಿಗುತ್ತದೆ ಎಂದು ಹಳೆಯ ಪಠ್ಯದಲ್ಲಿದೆ. ಉಪನ್ಯಾಸಕರು ಇನ್ನೂ ಹೆಚ್ಚು ಎನ್ನುತ್ತಾರೆ. ಯಾವುದು ಸರಿ? ಅಂದಹಾಗೆ, ಲ್ಯಾಬಿನಲ್ಲಿ ಅದನ್ನು ಬೆಳೆಸುವ ನಮ್ಮ ಪೋಷಕ ಮಾಧ್ಯಮ ಪದೇ ಪದೇ ಗುಲಾಬಿಗೆ ತಿರುಗುತ್ತದೆ, ಏಕೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಬಸವನಗುಡಿ, ಬೆಂಗಳೂರು

ಉತ್ತರ: 3 ಎನ್ನುವುದು ನೇರ ಲೆಕ್ಕ: ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನಲ್ಲಿ 2, ಕೊನೆಗೆ ಬ್ಯುಟಿರೇಟ್ ಕೈನೇಸ್ ಎಂಬ ಕಿಣ್ವದಿಂದ 1. ಅದು ತಪ್ಪಲ್ಲ, ಅಪೂರ್ಣ. ನಡುವೆ ಕ್ರೋಟೊನೈಲ್-ಕೋಎ ಎಂಬ ಮಧ್ಯಂತರ ಸಂಯುಕ್ತ ಎಲೆಕ್ಟ್ರಾನು ಪಡೆದು ಬ್ಯುಟಿರೈಲ್-ಕೋಎ ಆಗುವ ಹೆಜ್ಜೆಯನ್ನು ನೋಡಿ. ಎಲೆಕ್ಟ್ರಾನು ಹೊತ್ತು ತರುವ ಅಣು ಎನ್‌ಎಡಿಎಚ್‌ನ ವಿಭವ (ಇದು ಹೆಚ್ಚು ಋಣವಾದಷ್ಟೂ ಎಲೆಕ್ಟ್ರಾನು ಕೊಡುವ ಒತ್ತಡ ಹೆಚ್ಚು) −320 ಮಿಲಿವೋಲ್ಟ್, ಕ್ರೋಟೊನೈಲ್-ಕೋಎದು ಸುಮಾರು −10. ಇಷ್ಟು ದೊಡ್ಡ ಇಳಿತದ ಶಕ್ತಿ ಪೋಲಾಗುತ್ತದೆಂದೇ ಬಹುಕಾಲ ಭಾವಿಸಲಾಗಿತ್ತು. 2008ರಲ್ಲಿ ಜರ್ಮನಿಯ ಟೌವರ್ ಮತ್ತು ಬುಕೆಲ್ ಅವರ ಬಳಗ ಕ್ಲಾಸ್ಟ್ರಿಡಿಯಂ ಕ್ಲೂವೆರಿಯ ಕಿಣ್ವದಲ್ಲಿ ಬೇರೆಯದನ್ನೇ ಕಂಡಿತು.

ಈ ಕಿಣ್ವ ಸಂಕೀರ್ಣದಲ್ಲಿರುವ ಎಲೆಕ್ಟ್ರಾನು ಹಿಡಿಯುವ ಸಹಾಯಕ ಅಣು ಫ್ಲೇವಿನ್, ಎನ್‌ಎಡಿಎಚ್‌ನ ಎರಡು ಎಲೆಕ್ಟ್ರಾನುಗಳನ್ನು ಬೇರೆ ಬೇರೆ ದಾರಿಗೆ ಕಳಿಸುತ್ತದೆ. ಒಂದು ಕ್ರೋಟೊನೈಲ್-ಕೋಎ ಕಡೆಗೆ ಇಳಿಯುತ್ತದೆ. ಆ ಇಳಿತದ ಬಲದಲ್ಲೇ ಇನ್ನೊಂದು, ಏತದ ಮತ್ತೊಂದು ತುದಿಯಂತೆ, ಸುಮಾರು −420ರ ವಿಭವದ ಫೆರೆಡಾಕ್ಸಿನ್ ಎಂಬ ಎಲೆಕ್ಟ್ರಾನು ವಾಹಕ ಪ್ರೋಟೀನಿಗೆ ಏರುತ್ತದೆ. ಎರಡು ಎನ್‌ಎಡಿಎಚ್ ಖರ್ಚಾದಾಗ ಒಂದು ಕ್ರೋಟೊನೈಲ್-ಕೋಎ ಪೂರ್ತಿ ಅಪಕರ್ಷಣಗೊಂಡು, ಎರಡು ಎಲೆಕ್ಟ್ರಾನು ಫೆರೆಡಾಕ್ಸಿನ್‌ನಲ್ಲಿ ಉಳಿಯುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಹುದುಗುವಿಕೆಯಲ್ಲೇ ಅತ್ಯಂತ ಸುಂದರವಾದ ಹೆಜ್ಜೆ ಇದು.

ಪೊರೆಯಲ್ಲಿರುವ ಆರ್‌ಎನ್‌ಎಫ್ ಸಂಕೀರ್ಣ ಈ ಎಲೆಕ್ಟ್ರಾನುಗಳನ್ನು ಎನ್‌ಎಡಿಗೆ (ಎಲೆಕ್ಟ್ರಾನು ಕೊಟ್ಟ ಎನ್‌ಎಡಿಎಚ್) ಮರಳಿಸುತ್ತಾ ಸುಮಾರು 2 ಸೋಡಿಯಂ ಅಯಾನು ಅಥವಾ ಪ್ರೋಟಾನ್‌ಗಳನ್ನು ಹೊರದಬ್ಬುತ್ತದೆ. ಅವು ಒಳಗೆ ಮರಳುವ ಬಲದಲ್ಲಿ ಎಟಿಪಿ ತಯಾರಾಗುತ್ತದೆ. ಒಂದು ಎಟಿಪಿಗೆ 3–4 ಬೇಕಿರುವುದರಿಂದ, 3ರ ಮೇಲೆ ಸಿಗುವ ಲಾಭ ಸುಮಾರು ಅರ್ಧ ಎಟಿಪಿ. ಆದರೆ ಆರ್‌ಎನ್‌ಎಫ್ ಎಲ್ಲ ಪ್ರಭೇದಗಳಲ್ಲಿಲ್ಲ. ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟಿಲಿಕಂನಲ್ಲಿ ಇಲ್ಲ. ಅಲ್ಲಿ ಫೆರೆಡಾಕ್ಸಿನ್ ಹೈಡ್ರೋಜನ್ ಬಿಡಲು ನೆರವಾಗುತ್ತದೆ. ನಿಮ್ಮ ತಳಿ ಯಾವುದೆಂದು ನೋಡಿಯೇ ಲೆಕ್ಕ ಹಾಕಿ.

ಇನ್ನು ಗುಲಾಬಿ. ಮಾಧ್ಯಮಕ್ಕೆ ಹಾಕುವ ಸೂಚಕ ರೆಸಾಜುರಿನ್ ಆಮ್ಲಜನಕವಿಲ್ಲದಾಗ ಬಣ್ಣ ಕಳೆದುಕೊಳ್ಳುತ್ತದೆ. ಅದರ ಬಣ್ಣ ಮರಳಿತೆಂದರೆ ಆಮ್ಲಜನಕ ಒಳನುಗ್ಗಿದೆ. ಎಲೆಕ್ಟ್ರಾನುಗಳು ಅದರ ಪಾಲಾಗುತ್ತವೆ, ಫೆರೆಡಾಕ್ಸಿನ್‌ನ ಕಬ್ಬಿಣ-ಗಂಧಕ ಗೊಂಚಲುಗಳೂ ಹಾಳಾಗುತ್ತವೆ. ಲೀಟರಿಗೆ 1 ಮಿಲಿಗ್ರಾಂ ರೆಸಾಜುರಿನ್ ಸಾಕು. ಮಾಧ್ಯಮವನ್ನು ಕುದಿಸಿ, ನೈಟ್ರೋಜನ್ ಹಾಯಿಸುತ್ತಾ ಆರಿಸಿ. ಲೀಟರಿಗೆ 0.5 ಗ್ರಾಂ ಸಿಸ್ಟೀನ್ ಹೈಡ್ರೋಕ್ಲೋರೈಡ್ (ಉಳಿದ ಆಮ್ಲಜನಕವನ್ನು ತೆಗೆಯಲು) ಸೇರಿಸುವುದು ಆಮೇಲೆ. ಮೊದಲೇ ಹಾಕಿದರೆ ಗಾಳಿಯಲ್ಲೇ ಉತ್ಕರ್ಷಣಗೊಂಡು ವ್ಯರ್ಥ. ಬಿರಡೆ ಬ್ಯುಟೈಲ್ ರಬ್ಬರಿನದೇ ಇರಲಿ, ಸಿಲಿಕೋನ್ ಆಮ್ಲಜನಕವನ್ನು ಸರಾಗವಾಗಿ ಒಳಬಿಡುತ್ತದೆ. ಬಣ್ಣ ಹೋದರೆ ಮಾಧ್ಯಮದ ವಿಭವ ಸುಮಾರು −110 ಮಿಲಿವೋಲ್ಟ್‌ಗಿಂತ ಕೆಳಗಿದೆ ಎಂದಷ್ಟೇ ಅರ್ಥ.

ಮಾಧ್ಯಮವನ್ನು ಆಟೋಕ್ಲೇವ್‌ನಲ್ಲಿ ಹಬೆಯಿಂದ ಕ್ರಿಮಿಶುದ್ಧ ಮಾಡುವಾಗ ಇನ್ನೊಂದು ಎಚ್ಚರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಆಟೋಕ್ಲೇವ್ ಗೇಜ್ 15 ಪೌಂಡ್ ತೋರಿಸಿದರೂ ಒಳಗಿರುವುದು 119 ಡಿಗ್ರಿಯ ಆಸುಪಾಸು. ಬೀಜಕಗಳನ್ನು ಕೊಲ್ಲಬೇಕಾದರೆ ಥರ್ಮಾಮೀಟರ್ 121 ತೋರಿಸಿದ ಮೇಲೆಯೇ ಸಮಯ ಎಣಿಸಿ.